ಬಾರದೆ ಉಳಿದ ಸ್ನೇಹಿತ



ವಾರವೆಲ್ಲ ದುಡಿದವರು ಭಾನುವಾರ ನಾಲ್ಕು ಜನ ಸ್ನೇಹಿತರ ಜೊತೆ ಬೆಟ್ಟ ಹತ್ತಿ ಬಂದರೆ ತಪ್ಪೇನು? ಯಾರಾದರೂ ಹೀಗೆ ಕೇಳಿದರೆ, ತಪ್ಪೇನೂ ಇಲ್ಲ ಎಂದು ನಾನು ಥಟ್ಟನೆ ಹೇಳುತ್ತಿದ್ದೆ. ಈಗಲೂ ನನ್ನ ಉತ್ತರ ಅದೇ. ಆದರೆ ಹೇಳುವ ಮುಂಚೆ ಒಂದು ಮುಖ ನೆನಪಿಗೆ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ತಾಳವಾಡಿಯಿಂದ ನಾವು ಹನ್ನೊಂದು ಮಂದಿ ವ್ಯಾನ್ ಮಾಡಿಕೊಂಡು ದೊಡ್ಡಬೆಟ್ಟಕ್ಕೆ ಹೋದೆವು. ಎಲ್ಲರೂ ಒಂದೇ ಧರ್ಮಕೇಂದ್ರದವರು, ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಧರ್ಮೋಪದೇಶ ಕಲಿತವರು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ನಾಲ್ಕು ಗಂಟೆಗೇ ಹೊರಟೆವು. ಅಂದಿನ ಬಲಿಪೂಜೆ ತಪ್ಪಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಮೇಲಿನವರೆಗೆ ರಸ್ತೆ ಇದ್ದರೂ ವ್ಯಾನನ್ನು ಕೆಳಗೇ ನಿಲ್ಲಿಸಿ ನಡೆದು ಹತ್ತಿದೆವು. ದಾರಿಯಲ್ಲಿ ಹಾಡು ತಮಿಳಿನದು, ತಮಾಷೆ ಕನ್ನಡದ್ದು. ಎಷ್ಟೋ ದಿನಗಳಿಂದ ಅಷ್ಟು ನಕ್ಕಿರಲಿಲ್ಲ.

ನಮ್ಮ ಗುಂಪಿನ ಹನ್ನೆರಡನೆಯವನು ಬರಲಿಲ್ಲ. "ತೋಟದಲ್ಲಿ ಕೆಲ್ಸ ಅದೆ, ನೀವು ಹೋಗ್ಬನ್ನಿ" ಅಂದಿದ್ದ. ಸಂಜೆ ನಾವು ಕಳಿಸಿದ ಫೋಟೋಗಳಿಗೆ ಅವನು ಹೆಬ್ಬೆರಳಿನ ಗುರುತು ಹಾಕಿದ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅವನ ತಾಯಿ ಸಿಕ್ಕರು. "ಅವ್ನಿಗೆ ಅವತ್ತು ಏನು ಕೆಲ್ಸ ಇತ್ತು ಮಗ? ದುಡ್ಡಿರ್ನಿಲ್ಲ. ನಿಮ್ಗೆ ಹೇಳಕ ನಾಚ್ಕ ಅವ್ನಿಗೆ. ಇಡೀ ದಿನ ಜಗಲಿ ಮೇಲೆ ಕುಂತಿದ್ದ" ಅಂದರು. ನಾವು ತಲೆಗೆ ಒಂಬೈನೂರು ರೂಪಾಯಿ ಹಾಕಿದ್ದೆವು. ಅದು ಅವನ ಎರಡು ದಿನದ ಕೂಲಿ.

ಇದನ್ನು ಕೇಳಿದ ಮೇಲೆ, ಮೋಜಿಗೆ ತಿರುಗುವುದೇ ತಪ್ಪು, ಆ ಹಣವನ್ನು ಬಡವರಿಗೆ ಕೊಡಬಹುದಿತ್ತು ಎಂದು ಹೇಳಿಬಿಡುವುದು ಸುಲಭ. ನಮ್ಮ ಹಿರಿಯರಲ್ಲಿ ಕೆಲವರು ಹಾಗೆಯೇ ಹೇಳುತ್ತಾರೆ. ಆದರೆ ದೇವರು ವಿಶ್ರಾಂತಿಯನ್ನು ಆಜ್ಞೆಯಾಗಿಯೇ ಕೊಟ್ಟಿದ್ದಾರೆ. ಆ ಆಜ್ಞೆಯನ್ನು ಪೂರ್ತಿ ಓದಬೇಕು. ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ ಸಬ್ಬತ್ ದಿನ ಮನೆಯ ಯಜಮಾನನಿಗೆ ಮಾತ್ರವಲ್ಲ. ಆಳಿಗೆ, ದಾಸಿಗೆ, ಎತ್ತಿಗೆ, ಕತ್ತೆಗೆ, ಊರಿನಲ್ಲಿರುವ ಪರದೇಶಿಗೂ ಸಲ್ಲುತ್ತದೆ. ಕಾರಣವನ್ನೂ ಅಲ್ಲೇ ಹೇಳಿದೆ: ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು, ಮರೆಯಬೇಡಿ. ಅಂದರೆ ನನ್ನ ವಿಶ್ರಾಂತಿ ನನ್ನೊಬ್ಬನ ಆಸ್ತಿಯಲ್ಲ.

ಪ್ರಭು ಯೇಸು ಕೂಡ ದಣಿದ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ಕರೆದರು. ಊಟಕ್ಕೂ ಬಿಡುವಿಲ್ಲದಷ್ಟು ಜನ ಬಂದು ಹೋಗುತ್ತಿದ್ದರು ಎಂದು ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿದೆ. ದೋಣಿ ದಡ ಸೇರುವ ಮುಂಚೆಯೇ ಜನ ಅಲ್ಲಿಗೂ ಓಡಿ ಬಂದಿದ್ದರು. ಅವರನ್ನು ನೋಡಿ ಯೇಸು ಬೇಸರಪಡಲಿಲ್ಲ, ಕನಿಕರಪಟ್ಟರು. ಐದು ಸಾವಿರ ಮಂದಿಗೆ ಊಟ ಸಿಕ್ಕಿದ್ದು ಆ ದಿನವೇ.

ಬೆಟ್ಟ ಹತ್ತುವವರಿಗೆ ಇತ್ತೀಚೆಗೆ ಒಬ್ಬ ಸಂತರೂ ಸಿಕ್ಕಿದ್ದಾರೆ. ಇಟಲಿಯ ಟೂರಿನ್ ನಗರದ ಪಿಯೆರ್ ಜೋರ್ಜೊ ಫ್ರಸ್ಸಾತಿ ಹುಟ್ಟಿದ್ದು 1901ರಲ್ಲಿ. ತಂದೆ ದೊಡ್ಡ ಪತ್ರಿಕೆಯೊಂದರ ಒಡೆಯರು. ಮಗನಿಗೆ ಆಲ್ಪ್ಸ್ ಪರ್ವತಗಳೆಂದರೆ ಪ್ರಾಣ. 1924ರಲ್ಲಿ ಸ್ನೇಹಿತ ಸ್ನೇಹಿತೆಯರನ್ನು ಸೇರಿಸಿಕೊಂಡು ಒಂದು ತಮಾಷೆಯ ಸಂಘ ಕಟ್ಟಿದರು. ಅದಕ್ಕೆ ಇಟ್ಟ ಹೆಸರಿನ ಅರ್ಥ 'ಅನುಮಾನಾಸ್ಪದ ವ್ಯಕ್ತಿಗಳು'! ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು, ಒಬ್ಬರ ಮೇಲೊಬ್ಬರು ಕೀಟಲೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ. ಬೆಟ್ಟಕ್ಕೆ ಹೊರಡುವ ದಿನವೂ ಅವರಿಗೆ ಬಲಿಪೂಜೆ ಬೇಕಿತ್ತು. ಇದೇ ಯುವಕ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರಾಗಿ ಟೂರಿನ್ನಿನ ಬಡವರ ಮನೆಗಳ ಮೆಟ್ಟಿಲನ್ನೂ ಹತ್ತುತ್ತಿದ್ದರು. ಟ್ರಾಮಿನ ಹಣವನ್ನು ಕೊಟ್ಟುಬಿಟ್ಟು ನಡೆದು ಮನೆಗೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಅನುಕೂಲಸ್ಥರೆಲ್ಲ ಊರು ಬಿಟ್ಟು ತಂಪಾದ ಜಾಗಗಳಿಗೆ ಹೋದಾಗ, ಬಡವರನ್ನು ನೋಡುವವರು ಯಾರೆಂದು ತಾವು ನಗರದಲ್ಲೇ ಉಳಿಯುತ್ತಿದ್ದರು. 1925ರ ಜುಲೈ 4ರಂದು ಪೋಲಿಯೋದಿಂದ ತೀರಿಕೊಂಡಾಗ ಅವರಿಗೆ 24 ವರ್ಷ. ಶವಯಾತ್ರೆಯ ದಿನ ಬೀದಿ ತುಂಬ ನಿಂತ ಬಡವರನ್ನು ನೋಡಿದ ಮೇಲೆಯೇ ಮನೆಯವರಿಗೆ ಮಗನ ಇನ್ನೊಂದು ಬದುಕು ತಿಳಿದದ್ದು. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವರನ್ನು ಸಂತರೆಂದು ಘೋಷಿಸಿದರು.

ಫ್ರಸ್ಸಾತಿ ಬೆಟ್ಟ ಬಿಟ್ಟು ಬಡವರ ಬಳಿಗೆ ಹೋಗಲಿಲ್ಲ, ಬಡವರನ್ನು ಮರೆಯಲು ಬೆಟ್ಟಕ್ಕೂ ಹೋಗಲಿಲ್ಲ. ಎರಡು ಕಡೆಗೂ ಹೋದದ್ದು ಒಂದೇ ಮನಸ್ಸು.

ಹಾಗಾದರೆ ನಾವು ಹನ್ನೊಂದು ಮಂದಿ ಏನು ಮಾಡಬೇಕಿತ್ತು? ಅವನ ಪಾಲನ್ನು ನಾವೇ ಹಂಚಿಕೊಳ್ಳಬಹುದಿತ್ತು ಎಂದು ಮೊದಲು ಅನ್ನಿಸಿತು. ತಲೆಗೆ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಆದರೆ ಜಗಲಿಯ ಮೇಲೆ ಕುಳಿತವನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿದೆ. ಹನ್ನೊಂದು ಮಂದಿಯ ದಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾನು ಹಾಯಾಗಿ ನಗಬಲ್ಲೆನೇ? ಅವನಿಗೆ ಕೊರತೆಯಾದದ್ದು ಹಣವೊಂದೇ ಅಲ್ಲ. ಎಲ್ಲಿಗೆ ಹೋಗುವುದು, ಎಷ್ಟು ಖರ್ಚು ಎಂದು ನಾವು ಮಾತಾಡಿಕೊಳ್ಳುವಾಗ ಅವನನ್ನು ಯಾರೂ ಕೇಳಿರಲಿಲ್ಲ. ಎಲ್ಲ ತೀರ್ಮಾನವಾದ ಮೇಲೆ, ಬರ್ತೀಯಾ ಎಂದಷ್ಟೇ ಕೇಳಿದ್ದೆವು. ತಪ್ಪು ಆದದ್ದು ದೊಡ್ಡಬೆಟ್ಟದ ಮೇಲಲ್ಲ, ಅದಕ್ಕೂ ಹದಿನೈದು ದಿನ ಮುಂಚೆ, ಟೀ ಅಂಗಡಿಯಲ್ಲಿ.

ಗುಂಪಿನಲ್ಲಿ ಯಾರ ಕೈಯಲ್ಲಿ ಕಡಿಮೆ ಇದೆಯೋ ಅವರ ಅಳತೆಗೆ ಯೋಜನೆ ಹಾಕಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಹಾಗೆ ಮಾಡಿದರೆ ಸಂತೋಷ ಕಡಿಮೆಯಾಗುತ್ತದೆಯೇ? ಕಳೆದ ತಿಂಗಳು ಪೂಜೆ ಮುಗಿಸಿಕೊಂಡು ಹನ್ನೆರಡು ಮಂದಿಯೂ ಊರ ಕೆರೆಯ ಕಡೆ ನಡೆದೆವು. ಮನೆಗಳಿಂದ ಪಾತ್ರೆ, ಅಕ್ಕಿ, ತರಕಾರಿ ಬಂದವು. ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡಿದವನು ಅವನೇ. ಸೌದೆ ಹಸಿಯಾಗಿದೆ ಎಂದು ನಮ್ಮನ್ನೆಲ್ಲ ಬೈದ. ಅನ್ನ ಸ್ವಲ್ಪ ತಳ ಹತ್ತಿತು. ಸಂಜೆಯವರೆಗೂ ಯಾರೂ ಏಳಲಿಲ್ಲ.

ಅವನು ಅಂದು ಬಾರದ ಕಾರಣ ನನಗೆ ಗೊತ್ತು ಎಂದು ಇನ್ನೂ ಹೇಳಿಲ್ಲ. ಅವನ ಮಾನ ಕಾಯುತ್ತಿದ್ದೇನೋ, ಕ್ಷಮೆ ಕೇಳುವ ಧೈರ್ಯ ಇಲ್ಲವೋ, ತಿಳಿಯುತ್ತಿಲ್ಲ. ಬಹುಶಃ ಎರಡೂ ಇರಬೇಕು.

ಯುವಜನರೇ, ರಜೆ ಬರುತ್ತಿದೆ. ಹೋಗಿ, ಬೆಟ್ಟ ನೋಡಿ, ಬಾಯ್ತುಂಬ ನಗಿ. ವ್ಯಾನಿನವರಿಗೆ ಮುಂಗಡ ಕೊಡುವ ಮುಂಚೆ ಮಾತ್ರ ಒಮ್ಮೆ ಗುಂಪಿನ ತಲೆ ಎಣಿಸಿ. "ನನಗೆ ಕೆಲಸ ಇದೆ" ಎಂದವನ ಮನೆಗೆ ಯಾರಾದರೂ ಒಬ್ಬರು ಹೋಗಿ ಬನ್ನಿ.