ಮೂಕಜೀವಿಯ ಚಳಿ ಮತ್ತು ಗೃಹಸ್ಥನ ಹೊಣೆ

ಪ್ರಾಣಿಗೆ ವ್ರತವಿಲ್ಲ. ಶ್ರಾವಕನು ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದರೆ ಅದು ಆತನ ಸಂಕಲ್ಪದಿಂದ ತಪಸ್ಸೆನಿಸುತ್ತದೆ. ಆತನ ಮನೆಯ ನಾಯಿಯು ಅಂದು ಅನ್ನವಿಲ್ಲದೆ ಮಲಗಿದರೆ ಅದು ಬರಿಯ ಹಸಿವು. ಮುನಿಗಳು ಜಯಿಸುವ ಇಪ್ಪತ್ತೆರಡು ಪರೀಷಹಗಳಲ್ಲಿ ಶೀತವೂ ಒಂದು. ಆದರೆ ಪಂಜರದ ಹಕ್ಕಿಯು ಚಳಿಯಲ್ಲಿ ನಡುಗಿದರೆ ಅದು ಪರೀಷಹಜಯವಲ್ಲ, ಸಾಕಿದವನ ಅಲಕ್ಷ್ಯ. ಹಾಗಾದರೆ ಮನೆಮಂದಿಗೆಲ್ಲ ಒಮ್ಮೆಗೇ ಸಂಕಟ ಬಂದಾಗ, ಸಾಕಿದ ಜೀವಿಗೆ ಗೃಹಸ್ಥನು ಎಷ್ಟರಮಟ್ಟಿಗೆ ಹೊಣೆ?

ಈ ಪ್ರಶ್ನೆಯು ಕೇವಲ ತರ್ಕದ್ದಲ್ಲ. ೧೯೯೮ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಮುಟ್ಟಿದೊಡನೆ ಹೆಪ್ಪುಗಟ್ಟುವ ಮಳೆಯು ಹಲವು ದಿನ ಸುರಿಯಿತು. ಮಂಜುಗಡ್ಡೆಯ ಭಾರಕ್ಕೆ ವಿದ್ಯುತ್ತಿನ ನೂರಾರು ಉಕ್ಕಿನ ಗೋಪುರಗಳೂ ಸಾವಿರಾರು ಮರದ ಕಂಬಗಳೂ ಕುಸಿದವು. ಆ ಪ್ರಾಂತದ ಸುಮಾರು ಅರ್ಧದಷ್ಟು ಜನ ಕತ್ತಲೆಯಲ್ಲಿ ಉಳಿದರು. ಕೆಲವೆಡೆ ತಿಂಗಳು ಕಳೆದರೂ ವಿದ್ಯುತ್ತು ಬರಲಿಲ್ಲ. ನಮ್ಮ ನಾಡಿನಲ್ಲಿ ವಿದ್ಯುತ್ತು ಹೋದರೆ ದೀಪ ಆರುತ್ತದೆ, ಅಷ್ಟೆ. ಅಲ್ಲಿಯ ಬಹುಪಾಲು ಮನೆಗಳು ಬಿಸಿಯಾಗುವುದೇ ವಿದ್ಯುತ್ತಿನಿಂದ. ಅದು ನಿಂತರೆ ನೀರಿನ ಕೊಳವೆಯೂ ಹೆಪ್ಪುಗಟ್ಟುತ್ತದೆ. ಅಂತಹ ಮನೆಯನ್ನು ಬಿಟ್ಟು ಆಶ್ರಯಸ್ಥಾನಕ್ಕೆ ಹೊರಟವನ ಕಾಲಬಳಿ ನಾಯಿ ನಿಂತಿದೆ. ಆಶ್ರಯದಲ್ಲಿ ಪ್ರಾಣಿಗೆ ಪ್ರವೇಶವಿಲ್ಲದಿದ್ದರೆ ಆತನು ಏನು ಮಾಡಬೇಕು?

‘ಮನುಷ್ಯನು ಉಳಿದರೆ ಸಾಕು, ಪ್ರಾಣಿಯ ಕರ್ಮ ಪ್ರಾಣಿಗೆ’ ಎನ್ನುವವರುಂಟು. ಈ ಮಾತು ಕರ್ಮಸಿದ್ಧಾಂತದಂತೆ ತೋರಿದರೂ ಅದರ ದುರುಪಯೋಗವೇ ಸರಿ. ಪ್ರಾಣಿಯು ತನ್ನ ಕರ್ಮಫಲವನ್ನು ಉಣ್ಣುವುದು ನಿಜವಾದರೂ, ಬಾಗಿಲಿಗೆ ಬೀಗ ಹಾಕಿದವನ ಪರಿಣಾಮಗಳು ಆತನವೇ. ಕಾಡಿನ ಹಕ್ಕಿ ಚಳಿಗೆ ಮರದ ಪೊಟರೆಯನ್ನು ಅರಸುತ್ತದೆ. ಪಂಜರದ ಹಕ್ಕಿಗೆ ಆ ದಾರಿಯನ್ನು ಮುಚ್ಚಿದವನು ಮನುಷ್ಯ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟಿಹಾಕುವುದೂ ಅನ್ನಪಾನಗಳನ್ನು ತಡೆಯುವುದೂ ಎಣಿಕೆಯಾಗಿವೆ. ಸ್ವಾತಂತ್ರ್ಯವನ್ನು ಕಸಿದುಕೊಂಡವನೇ ರಕ್ಷಣೆಯ ಋಣವನ್ನೂ ಹೊತ್ತಿರುತ್ತಾನೆ.

ಹಾಗೆಂದು ಪ್ರಾಣಿಯ ಸಲುವಾಗಿ ಹಸುಗೂಸನ್ನೂ ವೃದ್ಧರನ್ನೂ ಕೊರೆಯುವ ಮನೆಯಲ್ಲಿ ಇರಿಸುವುದು ಧರ್ಮವೇ? ಅಲ್ಲ. ಅವರನ್ನು ಮೊದಲು ಬೆಚ್ಚಗಿನ ಸ್ಥಳಕ್ಕೆ ಸೇರಿಸಬೇಕು. ಆದರೆ ಅಲ್ಲಿಗೆ ಹೊಣೆ ತೀರಲಿಲ್ಲ. ಮರಳಿ ಬಂದು ಪ್ರಾಣಿಗೂ ನೆಲೆ ಹುಡುಕಬೇಕು. ಅಮೆರಿಕದಲ್ಲಿ ೨೦೦೫ರ ಕತ್ರಿನಾ ಚಂಡಮಾರುತದ ವೇಳೆ ಅನೇಕರು ಸಾಕುಪ್ರಾಣಿಗಳನ್ನು ಬಿಟ್ಟುಬರಲೊಪ್ಪದೆ ಅಪಾಯದಲ್ಲೇ ಉಳಿದರು. ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಗಣಿಸಬೇಕೆಂದು ೨೦೦೬ರಲ್ಲಿ ಅಲ್ಲಿ ಕಾನೂನಾಯಿತು. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದ ಸಂಕಟವು ಅನೇಕ ವೇಳೆ ಮುಂದಾಲೋಚನೆಯ ಅಭಾವದಿಂದಲೇ ಹುಟ್ಟುತ್ತದೆಂಬುದಕ್ಕೆ ಇದು ನಿದರ್ಶನ.

ದಯೆಗೆ ಜ್ಞಾನವೂ ಬೇಕು. ಚಳಿ ಕಳೆಯಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ, ಇಲ್ಲವೆ ಮನೆಯೊಳಗೆ ಜನರೇಟರ್ ನಡೆಸಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಮನುಷ್ಯರನ್ನೂ ಪ್ರಾಣಿಗಳನ್ನೂ ಕೊಲ್ಲುತ್ತದೆ. ಕ್ವಿಬೆಕ್‌ನಲ್ಲಿಯೂ ಹೀಗೆ ಸಾವುಗಳಾದವು. ಚಳಿಯಲ್ಲಿರುವ ನಾಯಿಗೆ ಮೈಶಾಖವನ್ನು ಕಾಯ್ದುಕೊಳ್ಳಲು ಎಂದಿಗಿಂತ ಹೆಚ್ಚು ಆಹಾರ ಬೇಕು. ಗಾಜಿನ ತೊಟ್ಟಿಯ ಮೀನಿಗಾದರೋ ಕಡಿಮೆ ಆಹಾರವೇ ಹಿತ; ಶೋಧಕಯಂತ್ರ ನಿಂತಾಗ ಉಳಿದ ಆಹಾರವೂ ಮಲವೂ ನೀರನ್ನು ವಿಷವಾಗಿಸುತ್ತವೆ, ಆರೋಗ್ಯವಂತ ಮೀನು ಕೆಲವು ದಿನ ಆಹಾರವಿಲ್ಲದೆಯೂ ಇರಬಲ್ಲದು. ತೊಟ್ಟಿಗೆ ಕಂಬಳಿ ಸುತ್ತಿದರೆ ನೀರು ನಿಧಾನವಾಗಿ ತಣಿಯುತ್ತದೆ. ಒಂದು ಜೀವಿಗೆ ಅನ್ನ ಹೆಚ್ಚಿಸುವುದು, ಇನ್ನೊಂದಕ್ಕೆ ಇಳಿಸುವುದು, ಎರಡೂ ದಯೆಯೇ. ವ್ರತದ ಅಕ್ಷರವನ್ನಷ್ಟೇ ಬಲ್ಲವನಿಗೆ ಇದು ವಿರೋಧವಾಗಿ ಕಂಡೀತು. ವಿವೇಕಿಗೆ ಎರಡರಲ್ಲಿಯೂ ಒಂದೇ ಉದ್ದೇಶ ಕಾಣುತ್ತದೆ.

ಆದುದರಿಂದ ಪ್ರಾಣಿಯನ್ನು ಮನೆಗೆ ತರುವ ಮೊದಲೇ ಗೃಹಸ್ಥನು ತನ್ನನ್ನು ಕೇಳಿಕೊಳ್ಳಬೇಕು: ಕಷ್ಟದ ದಿನದಲ್ಲಿ ಇದನ್ನು ಎಲ್ಲಿಗೆ ಕರೆದೊಯ್ಯಲಿ? ಉತ್ತರವಿಲ್ಲದಿದ್ದರೆ ತಾರದಿರುವುದೇ ಲೇಸು. ಬೇಡವೆನ್ನುವ ಆ ಸಂಯಮವೂ ಪರಿಗ್ರಹ ಪರಿಮಾಣಕ್ಕೆ ಸೇರಿದ್ದೇ. ತಂದ ಮೇಲಂತೂ ತನ್ನ ಪಾಲಿನ ಕಂಬಳಿಯನ್ನು ಹಂಚಿಕೊಳ್ಳುವುದು ಔದಾರ್ಯವಲ್ಲ, ಕರ್ತವ್ಯ.