ತಲೆಯಾಡಿಸುವ ಚಟಕ್ಕೆ ಶೇವಳಾ ಮದ್ದು

ಜೂನ್ ತಿಂಗಳ ಮೊದಲ ಮಳೆ ಬಿದ್ದು ನಾಲ್ಕೈದು ದಿನವಾದ ಮೇಲೆ ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ನೋಡಿ. ಹೂವಿನ ಮಾರ್ಕೆಟ್ಟಿನ ಆಸುಪಾಸು ಗೋಣಿತಾಟು ಹಾಸಿ ಕೂತ ಹೆಂಗಸರು ಸಿಗುತ್ತಾರೆ. ಪಾಲ್ಘರ್, ಕರ್ಜತ್ ಕಡೆಯ ಆದಿವಾಸಿಗಳು. ವಾರಲಿ, ಕಾತಕರಿ, ಠಾಕರ್ ಜನ. ಅವರೆದುರು ಇರುವುದರಲ್ಲಿ ಅರ್ಧಕ್ಕೆ ನಮ್ಮ ಸೊಸೈಟಿಯ ಬಾಗಿಲಿಗೆ ಬರುವ ಭಾಜಿವಾಲಾನ ಗಾಡಿಯಲ್ಲಿ ಜಾಗವಿಲ್ಲ. ಅಲ್ಲೇ ನಾನು ಮೊದಲ ಸಲ ಶೇವಳಾ ಕೊಂಡದ್ದು. ಕಂದು, ನೇರಳೆ ಬಣ್ಣದ, ಮೊಗ್ಗಿನಂತೆ ಬಿಗಿಯಾಗಿ ಸುತ್ತಿಕೊಂಡ ಉದ್ದನೆಯ ದಂಟುಗಳು, ಹತ್ತು ಹನ್ನೆರಡು ಸೇರಿಸಿ ಕಟ್ಟಿದ ಕಟ್ಟು. ಪಕ್ಕದಲ್ಲಿ ಹಸಿರು ಕಾಯಿಗಳ ಒಂದು ಚಿಕ್ಕ ಗುಡ್ಡೆ.

ಮಾರುತ್ತಿದ್ದ ಮಾವಶಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ. ಆ ಕಾಯಿಯನ್ನೂ ತಗೋ ಎಂದಳು. ಇವಳದ್ದೊಂದು ವ್ಯಾಪಾರ ಅಂದುಕೊಂಡು, ಬೇಡ ಎಂದು ಕೈ ಆಡಿಸಿ ಡೊಂಬಿವಲಿಯ ಗಾಡಿ ಹಿಡಿದೆ.

ರಾತ್ರಿ ಊಟಕ್ಕೆ ಕೂತ ಮೂವರಿಗೂ ಗಂಟಲಲ್ಲಿ ಸೂಜಿ ಆಡಿಸಿದ ಹಾಗಾಯಿತು. ಮೊಸರು, ಹುಣಸೆ ನೀರು, ಬೆಲ್ಲ ಎಲ್ಲ ಆದ ಮೇಲೆ ಹನ್ನೊಂದು ಗಂಟೆಗೆ ಸ್ವಲ್ಪ ತಣ್ಣಗಾಯಿತು. ಆಮೇಲೆ ನೆನಪಾಯಿತು, ಮಾವಶಿ ಹೇಳಿದ್ದು ಏನೆಂದು. 'ಕಾಕಡ ಘ್ಯಾ ತಾಈ, ನಾಹೀತರ್ ಖಾಜೇಲ್.' ಕಾಕಡ ತಗೊಳ್ಳಿ ಅಕ್ಕ, ಇಲ್ಲದಿದ್ದರೆ ತುರಿಸುತ್ತೆ. ಪ್ರತಿ ಪದವೂ ನನ್ನ ಕಿವಿಗೆ ಬಿದ್ದಿತ್ತು. ಕೇಳಿಸಿಕೊಂಡಿರಲಿಲ್ಲ.

ನಾಚಿಕೆಯಾದದ್ದು ಇನ್ನೊಂದಕ್ಕೆ. ಶೇವಳಾ ನಮ್ಮ ಸುವರ್ಣಗೆಡ್ಡೆಯ ಕುಲದ್ದೇ ಗಿಡ. ಈ ಜಾತಿಯ ಗೆಡ್ಡೆ, ಎಲೆ, ದಂಟುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ; ನಾಲಗೆ, ಗಂಟಲಿಗೆ ಚುಚ್ಚುವುದು ಅವೇ. ಅದಕ್ಕೇ ಊರಲ್ಲಿ ಕೆಸುವಿನೆಲೆಯ ಪತ್ರೊಡೆಗೆ ಅಮ್ಮ ಹುಣಸೆಹುಳಿಯನ್ನು ಕೈ ತುಂಬ ಹಾಕುತ್ತಿದ್ದಳು. ಹುಳಿ ಕಡಿಮೆಯಾದರೆ ತುರಿಸುತ್ತದೆ ಎಂಬುದು ಉಡುಪಿ ಕಡೆಯ ಯಾವ ಹುಡುಗಿಗೂ ಯಾರೂ ಕೂರಿಸಿ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಕಾಕಡದ ಕೆಲಸವೂ ಅದೇ, ಹುಳಿ. ಹುಟ್ಟಿನಿಂದ ಗೊತ್ತಿದ್ದ ವಿಷಯ, ಹೆಸರು ಬೇರೆಯಾದ ಕೂಡಲೇ ಗೊತ್ತಿಲ್ಲದ್ದಾಗಿ ಹೋಯಿತು.

ಈ ತಲೆಯಾಡಿಸುವ ಚಟ ನನಗೆ ಮುಂಬೈ ಕೊಟ್ಟದ್ದು. ಮದುವೆಯಾಗಿ ಬಂದ ಹೊಸತರಲ್ಲಿ ಮರಾಠಿ ಬಾರದು, ಹಿಂದಿ ಅರೆಬರೆ. ಬ್ಯಾಂಕಿನ ಕೌಂಟರಿನಲ್ಲಿ, ಲೋಕಲ್ಲಿನಲ್ಲಿ, ಮಗನ ಶಾಲೆಯ ಮೀಟಿಂಗಿನಲ್ಲಿ, ಅರ್ಥವಾಗದ್ದಕ್ಕೆಲ್ಲ 'ಹೋ, ಹೋ' ಅನ್ನುತ್ತ ದಾಟಿಬಿಟ್ಟೆ. ಭಾಷೆ ಬಂತು, ಚಟ ಹೋಗಲಿಲ್ಲ. ಪ್ರಮೋಷನ್ನು ಸಿಕ್ಕ ಮೇಲಂತೂ ಜಾಸ್ತಿಯಾಯಿತು. ಮೇಲಿನ ಕುರ್ಚಿಯಲ್ಲಿ ಕೂತವರು 'ಇನ್ನೊಂದ್ಸಲ ಹೇಳಿ' ಅಂದರೆ ಕೆಳಗಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಮಗ ಏನಾದರೂ ವಿವರಿಸುವಾಗಲೂ ತಲೆಯಾಡುತ್ತಲೇ ಇರುತ್ತಿತ್ತು. 'ಏನು ಹೇಳಿದೆ ಹೇಳು ನೋಡೋಣ' ಎಂದು ಅವನು ಒಮ್ಮೆ ಹಿಡಿದೂ ಹಾಕಿದ್ದ. ಆಫೀಸಿನ ತಪ್ಪು ಫೈಲಿನಲ್ಲಿ ಮುಚ್ಚಿಹೋಗುತ್ತದೆ, ಮನೆಯ ತಪ್ಪಿಗೆ ಸಮಜಾಯಿಷಿ ಇರುತ್ತದೆ. ಗಂಟಲ ತುರಿಕೆಗೆ ಎರಡೂ ಇಲ್ಲ.

ಮುಂದಿನ ಜೂನಿನಲ್ಲಿ ಬೇಕೆಂದೇ ಅದೇ ಜಾಗಕ್ಕೆ ಹೋದೆ. ನಾಲ್ಕು ಪ್ರಶ್ನೆ ಕೇಳುವುದೆಂದು ಗಾಡಿಯಲ್ಲೇ ಲೆಕ್ಕ ಹಾಕಿದ್ದೆ: ಇದಕ್ಕೆ ಏನಂತಾರೆ, ಯಾವ ಭಾಗ ಬಿಸಾಡಬೇಕು, ಜೊತೆಗೆ ಏನು ಹಾಕಬೇಕು, ನಿಮ್ಮ ಮನೇಲಿ ಹೇಗೆ ಮಾಡ್ತೀರಿ. ಕೊನೆಯದು ಕೇಳಿದ್ದೇ ಮಾವಶಿಯ ಮುಖ ಬೇರೆಯಾಯಿತು. ಒಂದು ದಂಟು ಎಳೆದು, ಮೇಲಿನ ಸಿಪ್ಪೆ ಸುಲಿದು, ಒಳಗಿನ ಹಳದಿ ಭಾಗವನ್ನು ಉಗುರಿನಲ್ಲಿ ಕಿತ್ತು ಎಸೆದು, ಉಳಿದದ್ದನ್ನು ನನ್ನ ಅಂಗೈಗೆ ಹಾಕಿದಳು. ಕಾಕಡವನ್ನು ಜಜ್ಜಿ, ರಸ ಹಿಂಡಿ, ಅದರಲ್ಲೇ ಬೇಯಿಸು ಎಂದಳು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸುಮ್ಮನಿರಲಾರದೆ, ನಾವು ಒಣಸಿಗಡಿ ಹಾಕ್ತೇವೆ, ನೀವು ತಿನ್ನೋದಿಲ್ಲವಾದರೆ ಕಡಲೆಬೇಳೆ ಹಾಕಿ ಎಂದರು. ಇನ್ನೊಬ್ಬಳು ಅದು ತಪ್ಪು ಎಂದಳು. ಹತ್ತು ನಿಮಿಷ ಅಲ್ಲಿ ವಾದ ನಡೆಯಿತು. ನಾನು ಸುಮ್ಮನೆ ನಿಂತು ಕೇಳಿದೆ, ಈ ಸಲ ನಿಜವಾಗಿ.

ಆವತ್ತಿನಿಂದ ವಾರಕ್ಕೊಂದು ನಿಯಮ. ಗುರುವಾರ, ನನಗೆ ಗೊತ್ತಿಲ್ಲದ ಒಂದು ತರಕಾರಿ, ಕಾಲು ಕಿಲೋಗಿಂತ ಹೆಚ್ಚಿಲ್ಲ. ನೆಂಟರು ಬರುವ ದಿನ ಪ್ರಯೋಗವಿಲ್ಲ. ಕೆಟ್ಟರೆ 'ಸೊಪ್ಪು ಬಲಿತಿತ್ತು' ಎಂಬ ನೆಪ ಹೇಳದೆ ನನ್ನ ಪಾಲನ್ನು ನಾನೇ ತಿಂದು ಮುಗಿಸಬೇಕು. ದಾದರಿನಿಂದ ಡೊಂಬಿವಲಿಗೆ ಫಾಸ್ಟ್ ಗಾಡಿಯಲ್ಲೂ ಮುಕ್ಕಾಲು ಗಂಟೆ. ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಸುಲಿಯುವವರು, ಮೆಂತ್ಯ ಬಿಡಿಸುವವರು ಮೊದಲಿನಿಂದಲೂ ಇದ್ದಾರೆ. ಅವರ ಪಕ್ಕ ಕೂತು ನಾನೂ ಚೀಲ ಬಿಚ್ಚಿದೆ. ಮೊದಲ ಗುರುವಾರಗಳಲ್ಲಿ ಒಂದು ದಿನ ತಂದದ್ದು ಟಾಕಳಾ ಎಂಬ ಸೊಪ್ಪು. ಮಡಿಲಲ್ಲಿ ಹಾಕಿಕೊಂಡು ಎಳೆಯ ಎಲೆ ಚಿವುಟುತ್ತಿದ್ದಾಗ ಬೆರಳಿಗೆ ಒಂದು ಗಡುಸು ವಾಸನೆ ಹತ್ತಿತು. ಎಲ್ಲೋ ಮೂಸಿದ್ದೇನಲ್ಲ ಎಂದುಕೊಳ್ಳುತ್ತಿರುವಾಗಲೇ ಕೆಲವು ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡದ್ದು ಕಣ್ಣಿಗೆ ಬಿತ್ತು. ಕತ್ತಲಾದರೆ ಎಲೆ ಮಡಚುವ ಸೊಪ್ಪು! ತಜಂಕ್! ನಮ್ಮ ಹಿತ್ತಿಲ ಹಿಂದೆ ಆಟಿ ತಿಂಗಳಲ್ಲಿ ಕಾಡಿನಂತೆ ಬೆಳೆಯುತ್ತಿದ್ದ ತಗಟೆ ಸೊಪ್ಪು. ಮುಂಬೈಯ ತುಳು ಕನ್ನಡ ಸಂಘಗಳವರು ಆಟಿಯ ದಿನ ಮಾಡಿದಾಗ ಇದರದ್ದೇ ವಡೆಯನ್ನು ಪ್ಲೇಟಿನಲ್ಲಿ ಇಟ್ಟು ಕೊಟ್ಟಿದ್ದರು. ಊರಿಂದ ತರಿಸಿದ್ದೆಂದು ನಾನು ನಂಬಿಕೊಂಡಿದ್ದೆ.

ಅಲ್ಲಿಂದ ಒಂದು ನೋಟ್‌ಬುಕ್ ಶುರುವಾಯಿತು. ಮಾಯಾಳೂ ಎಂದರೆ ಬಸಳೆ. ಕುರ್ಡೂ ಎಂದರೆ ಬಯಲುಸೀಮೆಯವರ ಅಣ್ಣೆ ಸೊಪ್ಪು. ಕರ್ಟೋಲಿ ಎಂದರೆ ಮಡಹಾಗಲ. ಫೋಡ್ಶಿಗೆ ಮಾತ್ರ ಎದುರು ಕನ್ನಡ ಹೆಸರು ಇನ್ನೂ ಬರೆದಿಲ್ಲ. ಹುಲ್ಲಿನಂತಿರುತ್ತದೆ, ಬುಡದ ಮಣ್ಣು ಹೋಗಲು ಮೂರು ನೀರು ಬೇಕು ಎಂದಷ್ಟೇ ಇದೆ. ಪ್ರತಿ ಪುಟದಲ್ಲೂ ತಾರೀಕು, ಯಾರು ಹೇಳಿದ್ದು, ನಾನೆಲ್ಲಿ ಎಡವಿದೆ.

ಅಡುಗೆ ಪುಸ್ತಕಗಳನ್ನೂ ಆಮೇಲೆ ಬೇರೆ ರೀತಿ ಓದತೊಡಗಿದೆ. ಈ ಊರಿನದ್ದೇ ಒಂದು ಪುಸ್ತಕ ನನ್ನ ಕಪಾಟಿನಲ್ಲಿದೆ, 'ರಸಚಂದ್ರಿಕಾ'. ಗಾಮ್‌ದೇವಿಯ ಸಾರಸ್ವತ ಮಹಿಳಾ ಸಮಾಜದವರು 1943ರಲ್ಲಿ ಮರಾಠಿಯಲ್ಲಿ ತಂದದ್ದು. ಅಂಬಾಬಾಯಿ ಸಂಶಿಯವರ ಹೆಸರಿನಲ್ಲಿದೆ, ಆಮೇಲೆ ಇಂಗ್ಲಿಷಿಗೂ ಬಂತು. ಸಂಶಿ ಎಂಬುದು ಕುಂದಗೋಳದ ಹತ್ತಿರದ ಊರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಮುಂಬೈ ಎಂದು ಬದುಕಿದ ಚಿತ್ರಾಪುರ ಸಾರಸ್ವತರ ಅಡುಗೆಮನೆ ಇಡಿಯಾಗಿ ಅದರಲ್ಲಿದೆ, ಹಬ್ಬ, ಮನೆಮದ್ದು ಸಮೇತ. ಮದುವೆಯಾಗಿ ಹೋಗುವ ಹುಡುಗಿಯರಿಗೆ ಅದನ್ನು ಉಡುಗೊರೆ ಕೊಡುವ ರೂಢಿಯಿತ್ತು. ಇನ್ನೂ ಹಿಂದೆ ಹೋದರೆ ಹದಿನಾರನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಇದೆ. ಜೈನಕವಿ, ಮಾಂಸದ ಸೊಲ್ಲಿಲ್ಲ. ಬದನೆ, ಬಾಳೆ, ಹಲಸು, ಕಳಲೆಗಳನ್ನು ಷಟ್ಪದಿಯಲ್ಲಿ ಬೇಯಿಸಿದ್ದಾನೆ. ಬದನೆಕಾಯಿ ಎಂದರೆ ಎರಡೇ ಪಲ್ಯ ಗೊತ್ತಿರುವವರು ಒಮ್ಮೆ ಅವನ ಕಡೆ ಹೋಗಿ ಬರಬೇಕು.

ಇಂಥ ಪುಸ್ತಕ ಕೈಗೆ ಬಂದಾಗ ನಾವು ಮಾಡುವುದೇನು? ಓದುತ್ತಿರುವಾಗಲೇ ತಿದ್ದುತ್ತೇವೆ. ಇಷ್ಟು ಎಣ್ಣೆ ಯಾಕೆ, ಬೆಲ್ಲ ಬೇಡ, ತೆಂಗಿನಕಾಯಿ ಅರ್ಧ ಸಾಕು. ಕೊನೆಗೆ ತಟ್ಟೆಗೆ ಬರುವುದು ನಮ್ಮದೇ ಹಳೆಯ ಪಲ್ಯ, ಹೊಸ ಹೆಸರಿನಲ್ಲಿ. 'ಆ ಪುಸ್ತಕದ್ದು ಮಾಡಿದೆ, ಅಷ್ಟೇನಿಲ್ಲ' ಎಂದು ತೀರ್ಪನ್ನೂ ಕೊಟ್ಟಿರುತ್ತೇವೆ. ಮೊದಲ ಸಲ ಬರೆದದ್ದನ್ನು ಬರೆದ ಹಾಗೇ ಮಾಡುವುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಒಗ್ಗರಣೆಯ ಹೊತ್ತಿಗೆ ಕೈ ತಾನಾಗಿ ಬೆಳ್ಳುಳ್ಳಿಯ ಡಬ್ಬಿಗೆ ಹೋಗುತ್ತಿತ್ತು. ಎರಡನೆಯ ಸಲಕ್ಕೆ ನಮ್ಮ ಬುದ್ಧಿ ಇದ್ದೇ ಇದೆ. ಆಫೀಸಿನಲ್ಲೂ ಇದನ್ನೇ ಮಾಡಿ ನೋಡಿದೆ. ಹೊಸ ಹುಡುಗಿಯೊಬ್ಬಳು ತನ್ನ ಯೋಜನೆ ವಿವರಿಸುತ್ತಿದ್ದಾಗ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿ, ಒಂದು ಕಡೆ ಮಾತ್ರ 'ಇದು ನನಗೆ ಅರ್ಥವಾಗಲಿಲ್ಲ' ಎಂದೆ. ಅವಳು ಗಾಬರಿಯಾದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ಹೇಳಿದಳು.

ಒಂದು ಎಚ್ಚರಿಕೆ ಹೇಳದೆ ಹೋದರೆ ತಪ್ಪಾಗುತ್ತದೆ. ಉಮೇದು ಬಂತೆಂದು ಆರೇ ಕಾಲೊನಿಯ ರಸ್ತೆ ಬದಿಯಲ್ಲೋ ಚರಂಡಿಯ ಪಕ್ಕವೋ ಕಂಡ ಸೊಪ್ಪು ಕಿತ್ತು ತರಬೇಡಿ. ಬೊರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಕೀಳುವುದು ಕಾನೂನಿಗೇ ವಿರುದ್ಧ. ಒಂದರಂತೆ ಕಾಣುವ ಇನ್ನೊಂದು ಎಲೆ ಇರುತ್ತದೆ, ಅದು ಗೊತ್ತಿರುವುದು ತಲೆತಲಾಂತರದಿಂದ ಕಿತ್ತವರಿಗೆ. ತಾವು ತಿನ್ನದ ಸೊಪ್ಪನ್ನು ಮಾರುವವರ ಹತ್ತಿರ ನಾನು ಕೊಳ್ಳುವುದಿಲ್ಲ. ಚೌಕಾಸಿಯನ್ನೂ ಬಿಟ್ಟಿದ್ದೇನೆ, ಪಾಠಕ್ಕೆ ಫೀಸು ಬೇರೆ ಕೊಡುತ್ತಿಲ್ಲವಲ್ಲ.

ಕಳೆದ ಮಳೆಗಾಲದಲ್ಲಿ ಮಾವಶಿಯೇ ತಿರುಗಿ ಕೇಳಿದಳು, ನೀವು ಟಾಕಳಾ ಹೇಗೆ ಮಾಡ್ತೀರಿ ಎಂದು. ಅಕ್ಕಿ ನೆನೆಸಿ, ತೆಂಗಿನಕಾಯಿ, ಒಣಮೆಣಸು, ಹುಳಿ ಹಾಕಿ ಗಟ್ಟಿಯಾಗಿ ರುಬ್ಬಿ, ಹೆಚ್ಚಿದ ಸೊಪ್ಪು ಕಲಸಿ, ತಟ್ಟಿ ಎಣ್ಣೆಗೆ ಬಿಡುವುದು ಎಂದೆ. ಅವಳು ತಲೆಯಾಡಿಸಲಿಲ್ಲ. 'ಮಾಡಿ ತಂದು ತೋರಿಸು' ಎಂದಳು. ಮುಂದಿನ ಗುರುವಾರ ಸ್ಟೀಲ್ ಡಬ್ಬಿಯಲ್ಲಿ ಎಂಟು ವಡೆ ಒಯ್ದೆ. ಗಿರಾಕಿಗಳನ್ನು ಕಾಯಿಸಿ ಒಂದನ್ನು ಪೂರ್ತಿ ಅಗಿದು ತಿಂದಳು, ಇನ್ನೊಂದನ್ನು ಪಕ್ಕದವಳಿಗೆ ದಾಟಿಸಿದಳು.

'ಮೀಠ್ ಕಮೀ ಆಹೇ,' ಎಂದಳು. ಉಪ್ಪು ಕಡಿಮೆ.

ಗಾಡಿಯಲ್ಲಿ ನೋಟ್‌ಬುಕ್ ತೆಗೆದು ತಾರೀಕು ಹಾಕಿ ಬರೆದುಕೊಂಡೆ.