ಬೇಡವೆಂದವರು ಯಾರು?

ನಮ್ಮ ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಲೆಕ್ಕದಲ್ಲಿ ಜಾಣೆ, ಭೌತಶಾಸ್ತ್ರದಲ್ಲಿಯೂ ಹಿಂದೆ ಬಿದ್ದವಳಲ್ಲ. ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಮುಂದಿನ ಓದಿನ ಮಾತು ಬಂತು. “ಎಂಜಿನಿಯರಿಂಗ್ ತೆಗೆದುಕೊಳ್ಳುತ್ತೀಯೇನಮ್ಮ?” ಎಂದು ಕೇಳಿದೆ. ಅವಳು ತಟ್ಟೆಯಿಂದ ಕಣ್ಣೆತ್ತದೆ, “ನನಗೆ ಅದೆಲ್ಲ ಹಿಡಿಸೋಲ್ಲಪ್ಪ. ಮೆಷೀನು, ವೈರು ಅಂದರೆ ನನಗೆ ಬರೋಲ್ಲ” ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಮಕ್ಕಳ ಇಷ್ಟಕ್ಕೆ ಅಡ್ಡ ಬಾರದ ಉದಾರಿ ತಂದೆ ನಾನು ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಮಜ್ಜಿಗೆ ಅನ್ನ ಕಲಸಿಕೊಂಡೆ.

ಆ ಮೆಚ್ಚುಗೆ ಬೆಳಗಿನವರೆಗೂ ಉಳಿಯಲಿಲ್ಲ. ನಮ್ಮದು ಹಳೆಯ ಮನೆ. ಅದೇ ರಾತ್ರಿ ಫ್ಯೂಸು ಹೋಯಿತು. ನಾನು ಸ್ಟೂಲು ಹತ್ತಿ, “ಟಾರ್ಚು ಹಿಡಿಯೋ ಬಾರೋ” ಎಂದು ಕೂಗಿದೆ. ಕೂಗಿದ್ದು ಮಗನನ್ನು. ಅವನು ಅಕ್ಕನಿಗಿಂತ ಆರು ವರ್ಷ ಚಿಕ್ಕವನು. ಮಹಡಿಯ ಮೇಲೆ ಅರೆನಿದ್ದೆಯಲ್ಲಿದ್ದ. ಮಗಳು ನನ್ನ ಪಕ್ಕದಲ್ಲಿಯೇ, ಕೈಯಲ್ಲಿ ಟಾರ್ಚು ಹಿಡಿದುಕೊಂಡೇ ನಿಂತಿದ್ದಳು. ತಮ್ಮ ಕಣ್ಣುಜ್ಜಿಕೊಳ್ಳುತ್ತ ಇಳಿದು ಬಂದ ಮೇಲೆ ಅದನ್ನು ಅವನ ಕೈಗೆ ಕೊಟ್ಟು, ಯಾರೂ ಹೇಳದೆಯೇ ಒಳಗೆ ಹೋದಳು.

ಆ ಕತ್ತಲಲ್ಲಿ ನನಗೆ ಹಿಂದಿನದೆಲ್ಲ ಒಂದೊಂದಾಗಿ ಕಾಣತೊಡಗಿತು. ಐದು ವರ್ಷದವಳಿದ್ದಾಗ ಅವಳು ಅಲಾರಂ ಗಡಿಯಾರದ ಹಿಂದಿನ ಮುಚ್ಚಳವನ್ನು ಬಿಚ್ಚಿದ್ದಳು. ಬೈದು ಕಸಿದುಕೊಂಡಿದ್ದೆ. ಆರು ವರ್ಷ ಕಳೆದ ಮೇಲೆ ಮಗ ಅದೇ ಕೆಲಸ ಮಾಡಿದಾಗ, “ನೋಡಿ, ಇವನು ಎಂಜಿನಿಯರೇ ಆಗುತ್ತಾನೆ” ಎಂದು ಮನೆಗೆ ಬಂದವರೆದುರಿಗೆ ಹೇಳಿ ನಕ್ಕಿದ್ದೆ. ಮಗಳು ಸ್ವಿಚ್ಚಿನ ಹತ್ತಿರ ಬಂದರೆ, “ನೀನು ಬಿಡಮ್ಮ, ಶಾಕ್ ಹೊಡೆದೀತು” ಎನ್ನುತ್ತಿದ್ದೆ. ವಿದ್ಯುತ್ತಿಗೆ ಲಿಂಗಭೇದವಿಲ್ಲವೆಂಬುದು ವ್ಯಾಕರಣ ಪಾಠ ಹೇಳುವ ನನಗೂ ತಿಳಿದಿರಬೇಕಾಗಿದ್ದ ವಿಷಯ.

ಹಾಗಾದರೆ ಊಟದ ಹೊತ್ತಿನಲ್ಲಿ “ಹಿಡಿಸೋಲ್ಲ” ಎಂದವರು ಯಾರು? ಅವಳೋ, ನಾನೋ?

ಒಬ್ಬರ ಇಷ್ಟವನ್ನು ಗೌರವಿಸಬೇಕೆಂಬುದು ಒಳ್ಳೆಯ ನೀತಿ. ಆದರೆ ಇಷ್ಟವೆಂಬುದು ಆಕಾಶದಿಂದ ಉದುರುವುದಿಲ್ಲ. ಮುಟ್ಟಿ, ಮುರಿದು, ಮತ್ತೆ ಜೋಡಿಸಿ, ತಪ್ಪಿ, ಒಪ್ಪವಾಗಿ, ಅದು ಬೆಳೆಯುತ್ತದೆ. ಜಾನ್ ಸ್ಟುವರ್ಟ್ ಮಿಲ್ ಸ್ತ್ರೀಯರ ಪರಾಧೀನತೆಯ ಮೇಲೆ ಬರೆದ ಗ್ರಂಥ 1869ರಲ್ಲಿ ಹೊರಬಂದಿತು. ಹೆಂಗಸರ ಸ್ವಭಾವವೆಂದು ಲೋಕ ಹೇಳುವುದು ಬಹುಮಟ್ಟಿಗೆ ಲೋಕವೇ ಬೆಳೆಸಿದ್ದು, ಹಾಗಿರುವಾಗ ಅವರ ನಿಜವಾದ ಸ್ವಭಾವ ಇಂಥದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಆತನ ವಾದ. ಗಿಡಕ್ಕೆ ನೀರು ಹಾಕದೆ ಇದ್ದು, ಅದು ಹೂ ಬಿಡದ ಜಾತಿಯೆಂದು ತೀರ್ಮಾನಿಸುವವನನ್ನು ನಾವು ಏನೆನ್ನುತ್ತೇವೆ? ನಾನು ಮಾಡಿದ್ದೂ ಅದೇ. ಗಡಿಯಾರ ಕಸಿದುಕೊಂಡ ಕೈಯೇ ಹನ್ನೆರಡು ವರ್ಷದ ಮೇಲೆ, “ನಿನ್ನ ಇಷ್ಟದಂತೆ ಮಾಡಮ್ಮ” ಎಂದು ಆಶೀರ್ವದಿಸಿತು.

ಹೆಣ್ಣಿಗೆ ಯಂತ್ರ ಒಗ್ಗುವುದಿಲ್ಲವೆಂಬ ಮಾತಾದರೂ ನಿಜವೇ? ನಮ್ಮ ಅಜ್ಜಿ ಪಂಪ್ ಸ್ಟೌವಿನ ತೂತಿಗೆ ಪಿನ್ನು ಹಾಕಿ ಕಟ್ಟಿದ ಮಸಿ ಬಿಡಿಸುತ್ತಿದ್ದರು. ವಾಷರು ಸವೆದರೆ ಅವರೇ ಬದಲಾಯಿಸುತ್ತಿದ್ದರು. ನಮ್ಮ ತಾಯಿ ಹೊಲಿಗೆ ಯಂತ್ರದ ಬಾಬಿನ್ ತೆಗೆದು, ಸಿಕ್ಕಿದ ದಾರ ಬಿಡಿಸಿ, ಎಣ್ಣೆ ಬಿಟ್ಟು, ತಿರುಪನ್ನು ಕಾಲು ಸುತ್ತು ಸಡಿಲಿಸಿ ಹೊಲಿಗೆ ಸರಿಮಾಡುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ಟು ಯಾವಾಗ ಸಡಿಲವಾಯಿತು, ಆವಿ ಎಲ್ಲಿ ಸೋರುತ್ತಿದೆ ಎಂಬುದು ನನ್ನ ಹೆಂಡತಿಗೆ ಶಬ್ದದಿಂದಲೇ ತಿಳಿಯುತ್ತದೆ. ಇದನ್ನು ಯಾರೂ ಎಂಜಿನಿಯರಿಂಗ್ ಎನ್ನಲಿಲ್ಲ. ಅಡಿಗೆಮನೆಯ ಕೆಲಸ ಎಂದರು. ನಮ್ಮ ಕಡೆ ಎಂಜಿನಿಯರೆಂದರೆ ಕಣ್ಣ ಮುಂದೆ ಬರುವುದು ವಿಶ್ವೇಶ್ವರಯ್ಯನವರ ಪೇಟ ಮತ್ತು ಕೋಟು. ಆ ಮಹನೀಯರದೇನೂ ತಪ್ಪಿಲ್ಲ. ಅವರ ಚಿತ್ರದ ಪಕ್ಕದಲ್ಲಿ ಸೀರೆಯುಟ್ಟ ಇನ್ನೊಂದು ಚಿತ್ರವನ್ನು ತೂಗುಹಾಕದ ತಪ್ಪು ನಮ್ಮದು.

ಅಂಥ ಚಿತ್ರಗಳಿಗೆ ಕೊರತೆಯಿರಲಿಲ್ಲ. ಮದರಾಸಿನ ಎ. ಲಲಿತಾ ಅವರಿಗೆ ಬಾಲ್ಯದಲ್ಲಿಯೇ ಮದುವೆಯಾಗಿತ್ತು. 1937ರಲ್ಲಿ, ಹದಿನೆಂಟರ ಸುಮಾರಿಗೆ, ಕೈಗೂಸಿನೊಂದಿಗೆ ವಿಧವೆಯಾದರು. ಅವರ ತಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅಂದಿನವರೆಗೆ ಹುಡುಗರು ಮಾತ್ರ ಓದುತ್ತಿದ್ದ ಆ ಕಾಲೇಜಿಗೆ ಮಗಳನ್ನು ಸೇರಿಸಲು ಅನುಮತಿ ದೊರಕಿಸಿದರು. ಲಲಿತಾ ವಿದ್ಯುತ್ ಎಂಜಿನಿಯರಾದರು. ಭಾಕ್ರಾ ನಂಗಲ್ ಯೋಜನೆಗಾಗಿ ದುಡಿದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿಬಂದರು. ನಮ್ಮವರೇ ಆದ ರಾಜೇಶ್ವರಿ ಚಟರ್ಜಿ 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಮೊಮ್ಮಗಳು ಮಿಚಿಗನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ವಿಷಯದಲ್ಲಿ ಸಂಶೋಧನೆ ನಡೆಸಿ, ಎಷ್ಟೋ ಮಂದಿ ಶಿಷ್ಯರನ್ನು ತಯಾರುಮಾಡಿದರು. ಈ ಇಬ್ಬರ ಪ್ರತಿಭೆ ಇಬ್ಬರದೇ, ಆದರೆ ಇಬ್ಬರ ಮನೆಯಲ್ಲಿಯೂ “ನಿನಗೇಕಮ್ಮ ಇದು?” ಎನ್ನದ ಒಬ್ಬ ಹಿರಿಯರಿದ್ದರು.

ಇಲ್ಲಿ ನನ್ನ ಮನಸ್ಸೇ ಒಂದು ಆಕ್ಷೇಪ ತೆಗೆಯುತ್ತದೆ. ಮಕ್ಕಳನ್ನು ಎಂಜಿನಿಯರಿಂಗಿಗೆ ದೂಡುವ ತಂದೆತಾಯಿಗಳು ನಮ್ಮ ಊರುಗಳಲ್ಲಿ ಕಡಮೆಯೇ? ಹುಡುಗರು ಅದರಿಂದ ಪಡುವ ಪಾಡು ಸಾಲದೆಂದು ಹುಡುಗಿಯರನ್ನೂ ಅದೇ ಗಾಣಕ್ಕೆ ಕಟ್ಟಬೇಕೇ? ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಒತ್ತಾಯ ಬೇರೆ, ಉತ್ತೇಜನ ಬೇರೆ. ಐದಾರು ವರ್ಷದ ಮಗುವನ್ನು ಸಂಗೀತದ ಮೇಷ್ಟರ ಮುಂದೆ ಕೂಡಿಸಿ ಸರಳೆ ಹೇಳಿಸುತ್ತೇವೆ. ಹಾಗೆ ಕಲಿತವರೆಲ್ಲ ವಿದ್ವಾಂಸರಾಗುವುದಿಲ್ಲ. ಆಗಲೆಂದು ನಾವು ಹಟ ಹಿಡಿಯುವುದೂ ಇಲ್ಲ. ಕಿವಿಗೆ ಶ್ರುತಿ ತಿಳಿದರೆ ಸಾಕು. ಹಾಡುವುದೂ ಬಿಡುವುದೂ ಮುಂದೆ ಅವರಿಗೆ ಬಿಟ್ಟದ್ದು. ಹುಡುಗಿಯ ಕೈಗೆ ತಿರುಪುಳಿ ಕೊಡುವುದೂ ಹಾಗೆಯೇ. ಹದಿನೇಳು ವರ್ಷದವರೆಗೆ ತಂಬೂರಿಯನ್ನೇ ತೋರಿಸದೆ, ಒಂದು ದಿನ “ಗಾಯಕಿಯಾಗುತ್ತೀಯಾ?” ಎಂದು ಕೇಳಿದರೆ ಯಾವ ಮಗು ಹೌದೆಂದೀತು?

ಸರ್ಕಾರದವರು ಬಾಗಿಲು ತೆರೆದಿಲ್ಲವೆಂದಲ್ಲ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಕಲ್ಪಿಸಿದರು. ಅವರ ಸಂಖ್ಯೆಯನ್ನು ಆ ವರ್ಷ ನೂರಕ್ಕೆ 14ಕ್ಕೆ, 2020ರ ಹೊತ್ತಿಗೆ ನೂರಕ್ಕೆ 20ಕ್ಕೆ ಏರಿಸಬೇಕೆಂಬುದು ಉದ್ದೇಶವಾಗಿತ್ತು. ಒಳ್ಳೆಯ ಕೆಲಸ. ಆದರೆ ಆ ಬಾಗಿಲು ಇರುವುದು ಹದಿನೆಂಟನೆಯ ವಯಸ್ಸಿನಲ್ಲಿ. ಮನೆಯ ಬಾಗಿಲು ಮುಚ್ಚುವುದು ಐದನೆಯ ವಯಸ್ಸಿನಲ್ಲಿ. ನಮ್ಮ ಕಾಲೇಜುಗಳಲ್ಲಿಯೂ ಕಂಪ್ಯೂಟರ್ ವಿಭಾಗದ ಬೆಂಚುಗಳಲ್ಲಿ ಹುಡುಗಿಯರು ತುಂಬಿರುತ್ತಾರೆ. ಮೆಕ್ಯಾನಿಕಲ್ ವಿಭಾಗದಲ್ಲಿ ಬೆರಳೆಣಿಕೆಯಷ್ಟು ಮಂದಿ. ಕೈಗೆ ಎಣ್ಣೆ ಮೆತ್ತಿಕೊಳ್ಳದೆ, ಫ್ಯಾನಿನ ಕೆಳಗೆ ಕುಳಿತು ಮಾಡಬಹುದಾದ ಕೆಲಸವಾದರೆ ಆಗಲಿ ಎಂದು ನಾವು ಅಷ್ಟರಮಟ್ಟಿಗೆ ಸಡಿಲಬಿಟ್ಟಿದ್ದೇವೆ.

ಏಕೆ ಹೀಗೆ? ಬೇರೆಯವರ ಮಾತು ಬೇಡ, ನನ್ನದನ್ನೇ ಹೇಳುತ್ತೇನೆ. ಮೊನ್ನೆ ನನಗಾದ ಸಮಾಧಾನ ಭಯದಿಂದ ಹುಟ್ಟಿದ್ದು. ಉದಾರತೆ ಅದಕ್ಕೆ ನಾನು ಹೊದಿಸಿದ ಹೆಸರು. ಕಾರ್ಖಾನೆಯ ರಾತ್ರಿ ಪಾಳಿ, ಊರಾಚೆಯ ಅಣೆಕಟ್ಟು, ನೂರು ಗಂಡಸರ ನಡುವೆ ಒಬ್ಬ ಹುಡುಗಿ, ಆಮೇಲೆ ಮದುವೆಯ ಮಾತು: ಇದೆಲ್ಲವನ್ನೂ ಅವಳ ಒಂದು “ಬೇಡ” ನನ್ನ ತಲೆಯಿಂದ ಇಳಿಸಿಬಿಟ್ಟಿತು. ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ಲಲಿತಾ ಅವರ ತಂದೆಗೆ ನನಗಿಂತ ಕಡಮೆ ಭಯವಿತ್ತೇ? ತಂದೆ ತನ್ನ ಭಯವನ್ನು ತಾನೇ ಹೊರಬೇಕು. ಅದನ್ನು ಮಗಳ ಸ್ವಭಾವವೆಂದು ಹೆಸರಿಸಿ ಅವಳ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಾರನೆಯ ಬೆಳಿಗ್ಗೆ ಮಗಳನ್ನು ಕರೆದು, ಮೇನ್ ಸ್ವಿಚ್ಚು ಆರಿಸಿ, ಫ್ಯೂಸನ್ನು ಕಿತ್ತು ಅವಳ ಕೈಗೆ ಕೊಟ್ಟೆ. ತಂತಿ ಕಟ್ಟುವುದನ್ನು ಒಂದು ಸಲ ತೋರಿಸಿದೆ. ಬಿಚ್ಚಿ ತಾನೇ ಕಟ್ಟಿದಳು; ನನಗಿಂತ ಅಚ್ಚುಕಟ್ಟಾಗಿಯೇ. “ಇಷ್ಟೇನಾ?” ಎಂದಳು. ಆ ಮಾತನ್ನು ನಾನು ಹನ್ನೆರಡು ವರ್ಷ ತಡವಾಗಿ ಕೇಳಿದೆ.

ಅವಳು ಏನು ಓದುತ್ತಾಳೆಂಬುದು ಇನ್ನೂ ನಿರ್ಧಾರವಾಗಿಲ್ಲ. ಇತಿಹಾಸ ಓದುತ್ತೇನೆಂದರೂ ಓದಲಿ, ಕನ್ನಡವೆಂದರೆ ಇನ್ನೂ ಸಂತೋಷ. ಎಂಜಿನಿಯರಿಂಗ್ ಬೇಡವೆಂದರೆ ಬೇಡ. ಆದರೆ ಈ ಸಲ ಆ “ಬೇಡ” ಅವಳ ಬಾಯಿಂದಲೇ ಬಂದ ಅವಳ ಮಾತಾಗಿರಲಿ, ನನ್ನದಾಗದಿರಲಿ.